ಎಐ ಆ್ಯಪ್‌ನಲ್ಲಿ ಯೂಸರ್ ತಪ್ಪು ಮಾಡಿದ್ರೆ ಡೆವಲಪರ್ ಹೊಣೆನಾ?

ತಪ್ಪು ಮಾಡಿದವ್ರದ್ದು ತಪ್ಪೇ, ಆದ್ರೆ ಅದಕ್ಕೆ ಬಾಗಿಲು ತೆಗೆದಿಟ್ಟಿದ್ದು ಡೆವಲಪರ್ ಆಗಿದ್ರೆ ಅವ್ರೂ ಹೊಣೆನೇ ಅನ್ನೋದು ನನ್ನ ಅಭಿಪ್ರಾಯ. 2016ರ ಮಾರ್ಚಲ್ಲಿ ಮೈಕ್ರೋಸಾಫ್ಟ್ ಟ್ವಿಟರ್‌ಗೆ 'ಟೇ' ಅಂತ ಒಂದು ಚಾಟ್‌ಬಾಟ್ ಬಿಡ್ತು, 'ನಾನು ಹೇಳಿದ್ದನ್ನೇ ಹೇಳು' ಅಂದ್ರೆ ಅದು ಗಿಳಿ ಥರ ಹಾಗೇ ಒಪ್ಪಿಸ್ತಿತ್ತು, ಜನ ಇದನ್ನ ಕಂಡ್ಕೊಂಡು ಅದರ ಬಾಯಲ್ಲಿ ಜನಾಂಗದ್ವೇಷದ ಮಾತೆಲ್ಲ ಆಡಿಸಿದ್ರು, ಒಂದು ದಿನದೊಳಗೆ ಕಂಪನಿನೇ ಅದನ್ನ ನಿಲ್ಲಿಸಿ, ಆಮೇಲೆ ಕ್ಷಮೆನೂ ಕೇಳ್ಬೇಕಾಯ್ತು. ಆಡಿಸಿದ್ದು ಜನ ನಿಜ, ಆದ್ರೆ ಆನ್‌ಲೈನಲ್ಲಿ ಜನ ಹೀಗೆ ಕೆಣಕ್ತಾರೆ ಅನ್ನೋದು ಮೊದಲೇ ಊಹಿಸೋಕಾಗದ ವಿಷಯನಾ?

ನಮ್ಮ ಕೊಡಗಿನ ರಶ್ಮಿಕಾ ಮಂದಣ್ಣ ಡೀಪ್‌ಫೇಕ್ ನೆನಪಿರ್ಬೇಕು, 2023ರ ನವೆಂಬರಲ್ಲಿ, ಬೇರೆ ಹುಡುಗಿ ಲಿಫ್ಟೊಳಗೆ ಬರೋ ವಿಡಿಯೋಗೆ ಇವ್ರ ಮುಖ ಅಂಟಿಸಿದ್ರು. ಐಟಿ ಆ್ಯಕ್ಟ್ ಸೆಕ್ಷನ್ 79, ಯೂಸರ್ ಹಾಕಿದ್ದಕ್ಕೆ ಹೊಣೆ ಹೊರದ ಹಾಗೆ ಪ್ಲಾಟ್‌ಫಾರ್ಮ್‌ಗೆ ರಕ್ಷಣೆ ಕೊಡುತ್ತೆ, ಆದ್ರೆ ಪುಕ್ಕಟೆ ಅಲ್ಲ, ಇಂಥ ತಿದ್ದಿದ ಚಿತ್ರದ ಮೇಲೆ ದೂರು ಬಂದ್ರೆ 24 ಗಂಟೆಯೊಳಗೆ ತೆಗೀಬೇಕು ಅಂತ 2021ರ ರೂಲ್ಸಲ್ಲೇ ಹಾಕಿದ್ರು. ಬೇರೆಯವ್ರು ಹಾಕಿದ್ದನ್ನ ತೋರಿಸೋ ಸೈಟಿಗೆ ಆ ರಕ್ಷಣೆ ಸರಿ, ಆದ್ರೆ ಚಿತ್ರನ ತಾನೇ ಮಾಡಿಕೊಡೋ ಟೂಲ್ ಪೋಸ್ಟ್‌ಮ್ಯಾನ್ ಅಲ್ವಲ್ಲ, ಪತ್ರ ಬರೆದಿದ್ದೇ ಅದು. ಅಂಥದ್ದು ಕಟ್ಟೋರು ಲಾಂಚ್‌ಗೆ ಮುಂಚೆನೇ ಫಿಲ್ಟರ್, ಬೇಗ ಸಿಗೋ ರಿಪೋರ್ಟ್ ಬಟನ್, ದೂರು ಓದೋಕೆ ಕನ್ನಡ ಬರೋ ಮನುಷ್ಯರು, ಇಷ್ಟಾದ್ರೂ ಇಡ್ಲೇಬೇಕು.