ಸಂಪಾದಕರ ಉತ್ತರ: ‘ಇನ್ನೊಂದೇ ಒಂದು ಹೋಳಿಗೆ’ ಅನ್ನುವವರ ನಡುವೆ

ಓದುಗರ ಪತ್ರ:

ನನಗೆ 41 ವರ್ಷ. ದಾವಣಗೆರೆ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ಟೀಚರ್. ತೂಕ 118 ಕಿಲೋ ಮುಟ್ಟಿತ್ತು. ಶುಗರ್ ಇತ್ತು, ರಾತ್ರಿ ನಿದ್ದೆಯಲ್ಲಿ ಉಸಿರು ಕಟ್ಟುತ್ತಿತ್ತು. ಎರಡು ತಿಂಗಳ ಹಿಂದೆ ಬೆಂಗಳೂರಿನಲ್ಲಿ ತೂಕ ಇಳಿಸಲು ಜಠರ ಚಿಕ್ಕದು ಮಾಡುವ ಸ್ಲೀವ್ ಸರ್ಜರಿ ಮಾಡಿಸಿಕೊಂಡೆ. ನಮ್ಮ ಯಜಮಾನರನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಪಿತ್ತಕೋಶದ ಕಲ್ಲು ತೆಗೆಸಿದ್ದು ಅಂತ ಹೇಳಿದ್ದೇವೆ. ಮೊನ್ನೆ ನಾದಿನಿ ಮನೆ ಗೃಹಪ್ರವೇಶದಲ್ಲಿ ಬಲವಂತಕ್ಕೆ ಅರ್ಧ ಹೋಳಿಗೆ ತಿಂದೆ. ಹಿತ್ತಲಿಗೆ ಓಡಿ ವಾಂತಿ ಮಾಡಿಕೊಂಡೆ. ನಿಜ ಹೇಳಿದರೆ ‘ಬಾಯಿ ಕಟ್ಟೋಕಾಗದೆ ಹೊಟ್ಟೆ ಕೊಯ್ಸಿಕೊಂಡಳು’ ಅಂತಾರೆ. ನಮ್ಮಣ್ಣ ಮೊದಲಿಂದಲೂ ‘ವಾಕಿಂಗ್ ಮಾಡು, ರಾತ್ರಿ ಊಟ ಬಿಡು, ಮನಸ್ಸು ಮಾಡಿದರೆ ಎಲ್ಲಾ ಆಗುತ್ತೆ’ ಅನ್ನುವವನು. ನಾನು ಹಿಡಿದದ್ದು ಅಡ್ಡದಾರಿಯೇ? ನನಗೆ ಧೈರ್ಯ ಹೇಳುವವರನ್ನು ಎಲ್ಲಿ ಹುಡುಕಲಿ?
— ಹೆಸರು ಬೇಡ

ಉತ್ತರ:

ತಾಯಿ, ನಿಮ್ಮ ಪ್ರಶ್ನೆಗೆ ಬರುವ ಮುಂಚೆ ಆ ವಾಂತಿಯ ವಿಷಯ. ಅವತ್ತು ಒಂದೇ ದಿನ ಆಗಿ ನಿಂತಿದ್ದರೆ ಸರಿ. ದಿನಾ ಆಗುತ್ತಿದ್ದರೆ, ನೀರೂ ನಿಲ್ಲುತ್ತಿಲ್ಲ ಎಂದಾದರೆ, ಆಪರೇಷನ್ ಮಾಡಿದ ವೈದ್ಯರಿಗೆ ಅವತ್ತೇ ಫೋನ್ ಮಾಡಿ. ಈ ಶಸ್ತ್ರಚಿಕಿತ್ಸೆಯ ನಂತರ ವಾಂತಿ ಮುಂದುವರಿದರೆ ಬಿ1 ಜೀವಸತ್ವ ಬೇಗ ಖಾಲಿಯಾಗುತ್ತದೆ, ಅದು ಮಿದುಳಿಗೂ ನರಗಳಿಗೂ ಪೆಟ್ಟು ಕೊಡುತ್ತದೆ. ಗುಟ್ಟು ಕಾಪಾಡಲು ಹೋಗಿ ಇದನ್ನೂ ಮುಚ್ಚಿಡಬೇಡಿ.

ಇನ್ನು ನಿಮ್ಮ ಅಣ್ಣನ ಮಾತು. ಅದರಲ್ಲಿ ನಿಜವೇ ಇಲ್ಲ ಅನ್ನಲಾರೆ. ನಡಿಗೆ ಒಳ್ಳೆಯದು. ಎಷ್ಟೋ ಜನ ಊಟ, ಓಡಾಟ ಸರಿಮಾಡಿಕೊಂಡೇ ತೂಕ ಇಳಿಸಿದ್ದಾರೆ. ಕತ್ತರಿ ಬಿದ್ದ ಮೇಲೆ ಅದರದೇ ಅಪಾಯಗಳೂ ಇವೆ. ಅಷ್ಟು ಒಪ್ಪೋಣ. ಆದರೆ ‘ಮನಸ್ಸು ಮಾಡಿದರೆ ಎಲ್ಲಾ ಆಗುತ್ತೆ’ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ನೀವು ಎಷ್ಟು ಸಲ ರಾತ್ರಿ ಊಟ ಬಿಟ್ಟಿದ್ದೀರಿ, ಎಷ್ಟು ಜೀರಿಗೆ ನೀರು ಕುಡಿದಿದ್ದೀರಿ ಅಂತ ಅವರು ಒಂದು ದಿನವಾದರೂ ಕೇಳಿದ್ದಾರೆಯೇ? ತೂಕ ಇಳಿದಾಗ ದೇಹ ಸುಮ್ನೆ ಕೂರುವುದಿಲ್ಲ. ಕಳೆದುಕೊಂಡದ್ದನ್ನು ವಾಪಸ್ ತರಲು ಹಸಿವನ್ನು ಹೆಚ್ಚಿಸುತ್ತದೆ, ಶಕ್ತಿಯ ಖರ್ಚನ್ನು ತಗ್ಗಿಸುತ್ತದೆ. ನೂರು ಕಿಲೋ ದಾಟಿದವರು ಪಥ್ಯ ಮಾಡಿ ಹತ್ತು ಕಿಲೋ ಇಳಿಸಿ ಹನ್ನೆರಡು ಏರಿಸಿಕೊಳ್ಳುವುದು ಇದಕ್ಕೇ. ಸೋಮಾರಿತನಕ್ಕಲ್ಲ.

ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಜಾಸ್ತಿ ತೆಗೆದು ಸಣ್ಣ ಕೊಳವೆಯಷ್ಟನ್ನು ಉಳಿಸುತ್ತಾರೆ. ಹೋಗುವ ಭಾಗದಲ್ಲೇ ಗ್ರೆಲಿನ್ ಎಂಬ ಹಸಿವಿನ ಹಾರ್ಮೋನು ಹೆಚ್ಚಾಗಿ ತಯಾರಾಗುವುದು. ಜಾಗ ಕಮ್ಮಿಯಾಗುವುದರ ಜೊತೆಗೆ ಹಸಿವೂ ತಗ್ಗುತ್ತದೆ. ಇದೇನು ನಿನ್ನೆ ಮೊನ್ನೆಯ ಫ್ಯಾಷನ್ ಅಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ ತೂಕಕ್ಕೆಂದು ಜಠರದ ಬೈಪಾಸ್ (ಜಠರದ ಹೆಚ್ಚು ಭಾಗ ಬಿಟ್ಟು ಆಹಾರ ನೇರ ಕರುಳಿಗೆ ಹೋಗುವಂತೆ ಮಾಡುವುದು) ಶುರುಮಾಡಿದ್ದು 1966ರಲ್ಲಿ. ಹುಣ್ಣಿಗಾಗಿ ಜಠರದ ಭಾಗ ತೆಗೆಸಿಕೊಂಡವರು ತೆಳ್ಳಗಾಗುವುದನ್ನು ಕಂಡು ಅವರಿಗೆ ಆ ಯೋಚನೆ ಬಂದದ್ದು. ಸ್ವೀಡನ್ನಿನಲ್ಲಿ 1987ರಿಂದ ತೂಕ ತೀರಾ ಹೆಚ್ಚಿದ್ದ ನಾಲ್ಕು ಸಾವಿರ ಜನರನ್ನು ಬೆನ್ನುಹತ್ತಿ ನೋಡಿದರು. ಅರ್ಧದಷ್ಟು ಜನರಿಗೆ ಶಸ್ತ್ರಚಿಕಿತ್ಸೆ, ಉಳಿದವರಿಗೆ ಮಾಮೂಲಿ ಚಿಕಿತ್ಸೆ. 2007ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಶಸ್ತ್ರಚಿಕಿತ್ಸೆ ಆದವರಲ್ಲಿ ಸಾವು ಕಡಿಮೆ ಇತ್ತು. ನಮ್ಮ ದೇಶದ ವಿಮಾ ನಿಯಂತ್ರಣ ಪ್ರಾಧಿಕಾರ ಕೂಡ ಇದನ್ನು ಚಿಕಿತ್ಸೆ ಅಂತಲೇ ಒಪ್ಪಿದೆ. ಅದರ ನಿಯಮದಲ್ಲಿ ಬಿಎಂಐ (ಎತ್ತರಕ್ಕೆ ಹೋಲಿಸಿ ತೂಕ ಅಳೆಯುವ ಲೆಕ್ಕ) 40 ಆದರೂ ಇರಬೇಕು, ಇಲ್ಲವೇ 35 ಇದ್ದು ಹೃದ್ರೋಗ, ನಿದ್ದೆಯಲ್ಲಿ ಉಸಿರು ಕಟ್ಟುವ ತೀವ್ರ ಸ್ಲೀಪ್ ಆಪ್ನಿಯಾ, ಹತೋಟಿಗೆ ಬಾರದ ಶುಗರ್‌ನಂಥ ಕಾಯಿಲೆ ಇರಬೇಕು, ಮತ್ತು ಬೇರೆ ಸರಳ ದಾರಿಗಳು ಸೋತಿರಬೇಕು. ಆ ಕೊನೆಯ ಷರತ್ತನ್ನು ನಿಮ್ಮ ಅಣ್ಣನಿಗೆ ಓದಿ ಹೇಳಿ. ಬೇರೆ ದಾರಿಗಳನ್ನೆಲ್ಲ ನಡೆದು ಸುಸ್ತಾದವರೇ ಈ ದಾರಿಗೆ ಬರುವುದು.

ಈಗ ಹೋಳಿಗೆ. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ. ನಮ್ಮಲ್ಲಿ ಪ್ರೀತಿ ತೋರಿಸುವುದೆಂದರೆ ಬಡಿಸುವುದು. ಬೇಡ ಅಂದರೆ ಇನ್ನೂ ಎರಡು ಹಾಕುವುದು. ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ತುಪ್ಪ ಸುರಿಯುವುದು. ‘ನನ್ನಾಣೆ, ಇನ್ನೊಂದೇ ಒಂದು.’ ಇದನ್ನು ಉಪಚಾರ ಅಂತ ಕರೆದುಕೊಂಡು ಬಂದಿದ್ದೇವೆ. ಶುಗರ್ ಇದ್ದವರಿಗೆ, ಕಿಡ್ನಿ ತೊಂದರೆ ಇದ್ದವರಿಗೆ, ಈಗ ನಿಮ್ಮಂಥವರಿಗೆ ಇದು ಹಿಂಸೆ. ಬೇಡ ಅಂದವರ ಮಾತನ್ನು ಮೊದಲನೇ ಸಲಕ್ಕೇ ನಂಬುವುದನ್ನು ನಾವು ಕಲಿಯಲೇಬೇಕು. ಇದನ್ನು ಈ ಪುಟದಲ್ಲಿ ಹಿಂದೆಯೂ ಬರೆದಿದ್ದೇನೆ, ಮುಂದೆಯೂ ಬರೆಯುತ್ತೇನೆ.

ಅದೇ ಜನರಿಗೆ ಆರೈಕೆ ಗೊತ್ತಿಲ್ಲ ಅಂತಲ್ಲ. ಒಂದು ಮನೆಯಲ್ಲಿ ಬಾಣಂತಿ ಇದ್ದರೆ ಇಡೀ ಬೀದಿಗೆ ಗೊತ್ತಿರುತ್ತದೆ, ಆಕೆಗೆ ಏನು ಕೊಡಬೇಕು, ಏನು ಕೊಡಬಾರದು, ಎಷ್ಟು ಹೊತ್ತಿಗೆ ಕೊಡಬೇಕು. ಯಾರೂ ಆಕೆಗೆ ‘ಸ್ವಲ್ಪ ಐಸ್‌ಕ್ರೀಮ್ ತಿನ್ನಮ್ಮ’ ಅನ್ನುವುದಿಲ್ಲ. ಈ ಶಸ್ತ್ರಚಿಕಿತ್ಸೆ ಆದವರಿಗೂ ಬೇಕಾದದ್ದು ಅಂಥದೇ ಬಳಗ. ಮೊದಲು ತಿಳಿ ನೀರು, ಆಮೇಲೆ ಗಂಜಿ ಮಜ್ಜಿಗೆ, ಆಮೇಲೆ ನುಣ್ಣಗೆ ಅರೆದದ್ದು, ಆಮೇಲೆ ಮೆತ್ತಗಿನದು, ತಿಂಗಳು ಒಂದೂವರೆ ತಿಂಗಳಾದ ಮೇಲೆ ಗಟ್ಟಿ ಆಹಾರ. ಊಟದ ಜೊತೆ ನೀರಿಲ್ಲ, ಅರ್ಧ ಗಂಟೆ ಬಿಟ್ಟು ಕುಡಿಯಬೇಕು. ದಿನಕ್ಕೆ 60 ಗ್ರಾಂ ಆದರೂ ಪ್ರೋಟೀನು. ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ಮಾತ್ರೆಗಳು ಜೀವನವಿಡೀ. ಇಷ್ಟನ್ನೂ ಒಬ್ಬಳೇ, ಅದೂ ಕದ್ದುಮುಚ್ಚಿ, ಅವಿಭಕ್ತ ಕುಟುಂಬದ ಅಡುಗೆಮನೆಯಲ್ಲಿ ಮಾಡುವುದು ಹೇಗೆ?

ಮೈಸೂರಿನಲ್ಲಿ ನನ್ನ ಪರಿಚಯದವರೊಬ್ಬರಿದ್ದಾರೆ, ಬ್ಯಾಂಕಿನಿಂದ ನಿವೃತ್ತರು. ಅವರಿಗೆ ತೂಕಕ್ಕೆಂದು ಜಠರದ ಬೈಪಾಸ್ ಆದಾಗ ಹೆಂಡತಿ ದೊಡ್ಡ ಮಾತೇನೂ ಆಡಲಿಲ್ಲ. ಮೊಮ್ಮಗುವಿಗೆ ಅನ್ನಪ್ರಾಶನದಲ್ಲಿ ಬಂದ ಚಿಕ್ಕ ಬೆಳ್ಳಿ ಬಟ್ಟಲು, ಪುಟ್ಟ ಚಮಚ ತೆಗೆದು ಅವರ ಮುಂದೆ ಇಟ್ಟರು. ಮಗ ಸೊಸೆ ಎಲ್ಲರೂ ನಿಧಾನಕ್ಕೆ ಉಣ್ಣಲು ಶುರುಮಾಡಿದರು, ಇವರೊಬ್ಬರೇ ಕೊನೆಗೆ ಉಳಿಯಬಾರದು ಅಂತ. ಈಗ ಆ ಮನೆಯಲ್ಲಿ ಊಟಕ್ಕೆ ಅರ್ಧ ಗಂಟೆ. ನಾನು ಅಲ್ಲಿ ಉಂಡಿದ್ದೇನೆ. ಯಾರೂ ಯಾರಿಗೂ ಬಲವಂತ ಮಾಡುವುದಿಲ್ಲ. ಬೇಕಾದವರು ಕೇಳಿ ಹಾಕಿಸಿಕೊಳ್ಳುತ್ತಾರೆ.

ಮನೆಯವರಷ್ಟೇ ಸಾಲದು. ಅದೇ ದಾರಿಯಲ್ಲಿ ನಡೆದವರು ಬೇಕು. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಜೀನ್ ನೈಡೆಚ್ ಎಂಬ ಗೃಹಿಣಿ ಇದ್ದರು. ಸರ್ಕಾರಿ ಕ್ಲಿನಿಕ್ಕಿನವರು ಅವರಿಗೆ ಒಳ್ಳೆಯ ಡಯಟ್ ಚೀಟಿಯನ್ನೇ ಕೊಟ್ಟಿದ್ದರು. ಆದರೂ ಅವರು ಕದ್ದು ಬಿಸ್ಕತ್ತು ತಿನ್ನುತ್ತಿದ್ದರು, ಅದನ್ನು ಕ್ಲಿನಿಕ್ಕಿನಲ್ಲಿ ಹೇಳಲು ಬಾಯಿ ಬರುತ್ತಿರಲಿಲ್ಲ. 1961ರಲ್ಲಿ ತಮ್ಮಂಥದೇ ಮೈಕಟ್ಟಿನ ಕೆಲವು ಗೆಳತಿಯರನ್ನು ಮನೆಗೆ ಕರೆದು ಎಲ್ಲಾ ಹೇಳಿಕೊಂಡರು. ಅವರೂ ತಮ್ಮ ತಮ್ಮ ಗುಟ್ಟು ಬಿಚ್ಚಿದರು. ಎರಡು ವರ್ಷದಲ್ಲಿ ಅದೇ ವೇಟ್ ವಾಚರ್ಸ್ ಸಂಸ್ಥೆಯಾಯಿತು. ಚೀಟಿ ಮೊದಲಿದ್ದದ್ದೇ. ಹೊಸದಾಗಿ ಸೇರಿದ್ದು ಆ ಗೆಳತಿಯರು.

ಇಂಥ ಒಂದು ಸಭೆಯಲ್ಲಿ ನಾನೂ ಕೂತಿದ್ದೇನೆ, ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ, ಸ್ನೇಹಿತರೊಬ್ಬರ ಜೊತೆಗೆ ಹೋದವನು. ತಿಂಗಳಿಗೊಂದು ಶನಿವಾರ ಸೇರುತ್ತಾರೆ. ಆಪರೇಷನ್ ಆಗಿ ವಾರಗಳಷ್ಟೇ ಆಗಿದ್ದ ಹೆಂಗಸೊಬ್ಬರು ಔಷಧಿ ಬಾಟಲಿಯ ಮುಚ್ಚಳದಲ್ಲಿ ತಿಳಿ ಮಜ್ಜಿಗೆ ಹಾಕಿಕೊಂಡು ಗುಟುಕು ಗುಟುಕಾಗಿ ಕುಡಿಯುತ್ತಿದ್ದರು. ಹುಡುಗಿಯೊಬ್ಬಳು ತಲೆಕೂದಲು ಕೈತುಂಬಾ ಉದುರುತ್ತಿದೆ ಅಂತ ಅಳುತ್ತಿದ್ದಳು. ಡಾಕ್ಟರು ಬಾಯಿ ತೆರೆಯುವ ಮುಂಚೆಯೇ ಹಿಂದಿನ ಸಾಲಿನಿಂದ ಒಬ್ಬಾಕೆ ಎದ್ದು ಬಂದು ತನ್ನ ಜಡೆ ಮುಂದಕ್ಕೆಳೆದು ತೋರಿಸಿದರು: ‘ನಂದೂ ನಾಲ್ಕನೇ ತಿಂಗಳಲ್ಲಿ ಬಾಚಣಿಗೆ ತುಂಬಾ ಬರ್ತಿತ್ತು ಕಣಮ್ಮ. ಮುಟ್ಟಿ ನೋಡು ಈಗ.’ ಆ ಹುಡುಗಿ ಮುಟ್ಟಿ ನೋಡಿದಳು. ಮೂರರಿಂದ ಆರು ತಿಂಗಳ ನಡುವೆ ಕೂದಲು ಉದುರುವುದು ಸಾಮಾನ್ಯ, ಹೆಚ್ಚಿನವರಿಗೆ ಮತ್ತೆ ಬರುತ್ತದೆ ಅಂತ ಪುಸ್ತಕದಲ್ಲಿಯೂ ಇದೆ. ಆದರೆ ಪುಸ್ತಕಕ್ಕೆ ಜಡೆ ಇರುವುದಿಲ್ಲ, ಅಲ್ವಾ?

ಅಲ್ಲೇ ಮಂಡ್ಯ ಕಡೆಯ ರೈತರೊಬ್ಬರು ಮುದ್ದೆಯ ವಿಷಯ ಎತ್ತಿದರು. ‘ಮುದ್ದೆ ನುಂಗೋದು ಸ್ವಾಮಿ, ನೀವು ಇಪ್ಪತ್ತೈದು ಸಲ ಅಗಿ ಅಂತೀರಿ. ಮುದ್ದೆ ಅಗಿದರೆ ಅದು ಮುದ್ದೇನಾ?’ ಪಥ್ಯ ಹೇಳುವ ಹುಡುಗಿಗೆ ಏನೂ ತೋಚಲಿಲ್ಲ. ಆಕೆ ಹಂಚಿದ ಕಾಗದದಲ್ಲಿ ಇದ್ದದ್ದು ಬ್ರೊಕೊಲಿ ಸೂಪು, ಗ್ರೀಕ್ ಯೋಗರ್ಟ್, ಕಿನೊವಾ, ಅದೂ ಇಂಗ್ಲಿಷಿನಲ್ಲಿ. ಉತ್ತರ ಕೊಟ್ಟದ್ದು ಹಾಸನದ ಇನ್ನೊಬ್ಬ ರೋಗಿ: ಮೊದಮೊದಲು ಶೋಧಿಸಿದ ಅಂಬಲಿ, ಆಮೇಲೆ ಮೆತ್ತಗೆ ತಿರುವಿದ ಮುದ್ದೆ ಗೋಲಿಯಷ್ಟು, ಅದನ್ನು ಮೊಳಕೆ ಕಾಳಿನ ಸಾರಿನಲ್ಲಿ ಅದ್ದಿ ಬಾಯಲ್ಲೇ ಕರಗಿಸುವುದು, ಕಾಳು ಮೊದಲು, ಮುದ್ದೆ ಆಮೇಲೆ. ರೈತರು ಜೇಬಿನಿಂದ ಚೀಟಿ ತೆಗೆದು ಬರೆದುಕೊಂಡರು.

ನನ್ನ ಸಿಟ್ಟು ಇಲ್ಲೇ ಇರುವುದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಲೆಕ್ಕದಲ್ಲಿ ಕರ್ನಾಟಕದ ನೂರಕ್ಕೆ ಸುಮಾರು ಮೂವತ್ತು ಹೆಂಗಸರು, ಅಷ್ಟೇ ಗಂಡಸರು ತೂಕ ಹೆಚ್ಚಾದವರು. ಇವರೆಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕಿಲ್ಲ. ಬೇಕಾದವರಿಗಾದರೂ ತಮ್ಮ ಭಾಷೆಯಲ್ಲಿ, ತಮ್ಮ ತಟ್ಟೆಯ ಮೇಲಿನ ಊಟದ ಹೆಸರಿನಲ್ಲಿ ಹೇಳುವವರು ಬೇಡವೇ? ಆಪರೇಷನ್ನಿಗೆ ಲಕ್ಷಗಟ್ಟಲೆ ತೆಗೆದುಕೊಳ್ಳುವ ಆಸ್ಪತ್ರೆಗಳಿಗೆ ಜೋಳದ ರೊಟ್ಟಿ ಯಾವಾಗ ತಿನ್ನಬಹುದು ಅಂತ ಒಂದು ಪುಟ ಕನ್ನಡದಲ್ಲಿ ಅಚ್ಚು ಹಾಕಿಸಲು ಆಗುವುದಿಲ್ಲವೇ? ಮೊದಲು-ಆಮೇಲೆ ಫೋಟೋ ಹಾಕಿದ ದೊಡ್ಡ ದೊಡ್ಡ ಜಾಹೀರಾತು ಮಾತ್ರ ಸ್ವಚ್ಛ ಕನ್ನಡದಲ್ಲಿ ಇರುತ್ತದೆ. ಹುಬ್ಬಳ್ಳಿ, ಕಲಬುರಗಿ, ಮಂಗಳೂರಿನವರು ಒಂದು ಗಂಟೆಯ ಸಭೆಗೆ ಬೆಂಗಳೂರಿಗೆ ರಾತ್ರಿ ಬಸ್ಸು ಹತ್ತಬೇಕೆ?

ಜನರಿಗೆ ತಿಳಿವಳಿಕೆ ಇಲ್ಲದ್ದಕ್ಕೆ ಇನ್ನೊಂದು ತೊಂದರೆ. 2022ರಲ್ಲಿ ಬೆಂಗಳೂರಿನಲ್ಲಿ ಕಿರುತೆರೆಯ ಯುವ ನಟಿಯೊಬ್ಬರು ಕೊಬ್ಬು ತೆಗೆಸುವ ಚಿಕಿತ್ಸೆಯ ನಂತರ ತೀರಿಕೊಂಡರು. ಅವತ್ತಿನಿಂದ ‘ತೂಕದ ಆಪರೇಷನ್’ ಅಂದರೆ ಸಾಕು, ಜನ ಅದನ್ನೇ ಎತ್ತುತ್ತಾರೆ. ಅಂದಕ್ಕೆ ಕೊಬ್ಬು ತೆಗೆಸುವುದೇ ಬೇರೆ, ಕಾಯಿಲೆಗೆ ಜಠರದ ಶಸ್ತ್ರಚಿಕಿತ್ಸೆಯೇ ಬೇರೆ. ಈಗ 2025ರಿಂದ ತೂಕ ಇಳಿಸುವ ಮೌಂಜಾರೊ, ವೆಗೋವಿ ಇಂಜೆಕ್ಷನ್ನುಗಳು ನಮ್ಮಲ್ಲೂ ಸಿಗುತ್ತಿವೆ, ‘ಇಂಜೆಕ್ಷನ್ ಇರುವಾಗ ಕೊಯ್ಸಿಕೊಂಡದ್ದು ಯಾಕೆ’ ಅನ್ನುವವರೂ ಬರುತ್ತಾರೆ. ನಿಮ್ಮ ವೈದ್ಯರು, ನೀವು ಕೂತು ತೀರ್ಮಾನ ಮಾಡಿದ್ದೀರಿ. ಅವರಿಗೆ ಲೆಕ್ಕ ಒಪ್ಪಿಸಬೇಕಾಗಿಲ್ಲ.

ಹೊಗಳಿಕೆಯ ಬಗ್ಗೆಯೂ ಎಚ್ಚರ. ಇನ್ನು ಕೆಲವೇ ತಿಂಗಳಲ್ಲಿ ಸ್ಟಾಫ್ ರೂಮಿನಲ್ಲಿ ‘ಏನ್ ಮೇಡಂ, ಎಷ್ಟು ಸಣ್ಣ ಆಗಿದ್ದೀರಿ!’ ಶುರುವಾಗುತ್ತದೆ. ಅದು ಹಿತವಾಗಿಯೇ ಇರುತ್ತದೆ. ಆದರೆ ಒಂದೂವರೆ, ಎರಡು ವರ್ಷಕ್ಕೆ ತೂಕ ಇಳಿಯುವುದು ನಿಲ್ಲುತ್ತದೆ, ಕೆಲವು ಕಿಲೋ ವಾಪಸ್ಸೂ ಬರುತ್ತದೆ. ಸ್ವೀಡನ್ನಿನ ಆ ಅಧ್ಯಯನದಲ್ಲೂ ಹಾಗೇ ಆಯಿತು. ಅಷ್ಟು ಹೊತ್ತಿಗೆ ಹೊಗಳುವವರು ಮನೆಗೆ ಹೋಗಿರುತ್ತಾರೆ. ಕೆನಡಾದ ಒಂಟಾರಿಯೊದಲ್ಲಿ ಎಂಟು ಸಾವಿರಕ್ಕೂ ಜಾಸ್ತಿ ಜನರನ್ನು ಗಮನಿಸಿದ ಅಧ್ಯಯನವೊಂದಿದೆ. ತಮಗೆ ತಾವೇ ಹಾನಿ ಮಾಡಿಕೊಂಡು ಆಸ್ಪತ್ರೆಗೆ ಬಂದವರ ಸಂಖ್ಯೆ ಚಿಕ್ಕದೇ ಆದರೂ ಶಸ್ತ್ರಚಿಕಿತ್ಸೆಯ ನಂತರ ಅದು ಸುಮಾರು ಒಂದೂವರೆ ಪಟ್ಟಾಗಿತ್ತು, ಹೆಚ್ಚಿನವು ಎರಡನೇ, ಮೂರನೇ ವರ್ಷದಲ್ಲಿ. ನಿಮ್ಮನ್ನು ಹೆದರಿಸಲು ಇದನ್ನು ಬರೆಯುತ್ತಿಲ್ಲ. ಜೊತೆಗಾರರು ಬೇಕಾಗುವುದು ಮೊದಲ ವಾರಕ್ಕಿಂತ ಆಗಲೇ ಜಾಸ್ತಿ. ಯಾವತ್ತಾದರೂ ಮನಸ್ಸು ತೀರಾ ಕುಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ನಿಮ್ಮನ್ನು ಸ್ವಲ್ಪ ಗದರಿಸಬೇಕು ಅನ್ನಿಸುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ಊರಿಗೆಲ್ಲ ಹೇಳುವುದು ಬೇಡ. ಅದು ನಿಮ್ಮ ದೇಹ, ನಿಮ್ಮ ವಿಷಯ. ಆದರೆ ಗಂಡನೊಬ್ಬನ ಹೆಗಲ ಮೇಲೆ ಇಷ್ಟನ್ನೂ ಹೇರಬೇಡಿ. ಯಾರ ಕೈಯಲ್ಲಿ ಸೌಟು ಇರುತ್ತದೋ ಅವರಿಗೆ ಮೊದಲು ಹೇಳಿ. ನಿಮ್ಮ ಪತ್ರ ನೋಡಿದರೆ ಅದು ನಾದಿನಿ. ಆಕೆಗೆ ನಿಜ ಗೊತ್ತಿದ್ದಿದ್ದರೆ ಅವತ್ತು ನಿಮ್ಮ ಎಲೆಯ ಪಕ್ಕ ನಿಂತು ಬೇರೆಯವರ ಕೈ ತಡೆಯುತ್ತಿದ್ದರೋ ಏನೋ. ಅಣ್ಣನಿಗೆ ಆಮೇಲೆ ಹೇಳಿದರೂ ನಡೆಯುತ್ತದೆ, ಶುಗರ್ ರಿಪೋರ್ಟ್ ಕೈಯಲ್ಲಿ ಹಿಡಿದುಕೊಂಡು ಹೇಳಿ. ಆಪರೇಷನ್ ಆದ ಆಸ್ಪತ್ರೆಗೆ ಫೋನ್ ಮಾಡಿ, ನಿಮ್ಮ ಕಡೆಯ ರೋಗಿಗಳು ಯಾರಾದರೂ ಮಾತಾಡಲು ಒಪ್ಪುತ್ತಾರೆಯೇ ಅಂತ ಕೇಳಿ. ಸಭೆ ಇದ್ದರೆ ಒಂದು ಸಲವಾದರೂ ಹೋಗಿ, ಯಜಮಾನರನ್ನೂ ಕರೆದುಕೊಂಡು ಹೋಗಿ.

ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಓದುಗರಲ್ಲಿ ಒಂದು ಕೋರಿಕೆ. ಮೊದಲ ತಿಂಗಳು ಮನೆಯಲ್ಲಿ ಏನು ಮಾಡಿಕೊಂಡು ಉಂಡಿರಿ, ಮನೆಯವರಿಗೆ ಹೇಗೆ ಹೇಳಿದಿರಿ, ನಿಮ್ಮ ಊರಿನಲ್ಲಿ ಕನ್ನಡದಲ್ಲಿ ನಡೆಯುವ ಸಭೆ ಇದೆಯೇ, ಬರೆದು ಕಳಿಸಿ. ಹೆಸರು ಬೇಡವೆಂದರೆ ಹಾಕುವುದಿಲ್ಲ. ಬಂದ ಪತ್ರಗಳನ್ನು ಮೊದಲು ಈ ಟೀಚರಿಗೆ ತಲುಪಿಸುತ್ತೇವೆ, ಆಮೇಲೆ ಅಚ್ಚು ಮಾಡುತ್ತೇವೆ.

— ಸಂಪಾದಕ