ಆರೋಗ್ಯ ಶಿಕ್ಷಣದ 11 ವಿಷಯಗಳನ್ನು ಒಂದೇ ವರ್ಷದಲ್ಲಿ ಮುಗಿಸುವುದು ಹೇಗೆ?

ನಿಮ್ಮನ್ನು ಶಾಲೆಯ ಆರೋಗ್ಯ ರಾಯಭಾರಿ, ಅಂದರೆ ಮಕ್ಕಳಿಗೆ ಆರೋಗ್ಯದ ಪಾಠ ಹೇಳುವ ಟೀಚರ್, ಮಾಡಿದ್ದಾರೆ, ವಾರಕ್ಕೆ ಒಂದು ಪೀರಿಯಡ್ ಇದೆ, 11 ವಿಷಯ ಹೇಗೆ ಮುಗಿಸಲಿ ಅಂತ ಕೇಳಿದ್ದೀರಿ. ಮುಗಿಸುವ ಗೋಜಿಗೇ ಹೋಗಬೇಡಿ ಮೇಡಂ. ನಾನೂ ಇಂಥದ್ದೇ ಒಂದು ಕೆಲಸವನ್ನು ಹಾಗೆ ಮುಗಿಸಿದವನು.

ಈ ರಾಯಭಾರಿ ವ್ಯವಸ್ಥೆ ಬಂದಿದ್ದು 2020ರಲ್ಲಿ. ನಾನು ಹೇಳುತ್ತಿರುವುದು ಅದಕ್ಕೂ ಮುಂಚಿನ ಮಾತು, 2014ರದ್ದು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ರಕ್ತಹೀನತೆ ಬಾರದಿರಲಿ ಅಂತ ಮಕ್ಕಳಿಗೆ ವಾರಕ್ಕೊಂದು ಕಬ್ಬಿಣಾಂಶದ ನೀಲಿ ಮಾತ್ರೆ ಕೊಡುವ ಕೆಲಸವೂ ನನ್ನದೇ. ಸೋಮವಾರ ಬಿಸಿಯೂಟ ಆದಮೇಲೆ ನಮ್ಮ ಎದುರಿಗೇ ನುಂಗಿಸಬೇಕು ಅಂತ ನಿಯಮ. ಊಟ ಆದಮೇಲೆ ಮಕ್ಕಳು ತಟ್ಟೆ ತೊಳೆಯಲು ನಲ್ಲಿ ಹತ್ತಿರ ಮುತ್ತಿಕೊಳ್ಳುತ್ತಾರೆ, ಯಾರು ತಗೊಂಡರು ಯಾರು ಬಿಟ್ಟರು ಒಂದೂ ಗೊತ್ತಾಗುವುದಿಲ್ಲ. ಅದಕ್ಕೆ ನಾನು ಬೆಳಗ್ಗೆ ಪ್ರಾರ್ಥನೆ ಮುಗಿದ ಕೂಡಲೇ, ಸಾಲಿನಲ್ಲಿ ನಿಂತಿರುವಾಗಲೇ ಹಂಚಿಬಿಟ್ಟೆ.

ನಾನು ಎಡವಿದ್ದು ಅಲ್ಲೇ. ಅರ್ಧ ಮಕ್ಕಳು ಬೆಳಗಿನ ಬಸ್ಸಿಗೆ ಬರುವವರು. ಒಂದು ಲೋಟ ಟೀ ಬಿಟ್ಟರೆ ಹೊಟ್ಟೆಗೆ ಏನೂ ಬಿದ್ದಿರುತ್ತಿರಲಿಲ್ಲ. ಖಾಲಿ ಹೊಟ್ಟೆಯಲ್ಲಿ ಈ ಮಾತ್ರೆ ತಗೊಂಡರೆ ಹೊಟ್ಟೆ ತೊಳಸುತ್ತದೆ. ಟೀ ಜೊತೆಗಿದ್ದರೆ ಕಬ್ಬಿಣ ಮೈಗೆ ಹತ್ತುವುದೂ ಕಡಿಮೆ. ಮೊದಲ ಪೀರಿಯಡ್‌ನಲ್ಲೇ ನಾಲ್ಕೈದು ಮಕ್ಕಳು ವಾಂತಿ ಮಾಡಿದರು. ಮಾರನೇ ದಿನ ಮಲ ಕಪ್ಪಗೆ ಹೋಗಿದೆ. ಅದು ಮಾಮೂಲಿ, ಅದರಿಂದ ತೊಂದರೆ ಇಲ್ಲ. ನನಗೆ ಗೊತ್ತಿತ್ತು, ಮಕ್ಕಳಿಗೆ ಹೇಳಿರಲಿಲ್ಲ. ಹದಿನಾಲ್ಕು ವರ್ಷದ ಹುಡುಗಿ ಅದನ್ನು ಮೇಷ್ಟ್ರ ಹತ್ತಿರ ಬಂದು ಕೇಳುತ್ತಾಳಾ? ವಾರದೊಳಗೆ ಅದು ವಿಷದ ಮಾತ್ರೆ ಅಂತ ಊರೆಲ್ಲ ಸುದ್ದಿ. ಬೇರೆ ಏನು ತಪ್ಪಿದ್ದರೂ ಸರಿಹೋಗುತ್ತಿತ್ತು. ಆ ಎರಡು ಮಾತು ಮೊದಲೇ ಹೇಳದೇ ಹೋದದ್ದು ಸರಿಹೋಗಲಿಲ್ಲ.

ಆಮೇಲೆ ಎಲ್ಲರೂ ಬಾಯಿಗೆ ಹಾಕಿಕೊಳ್ಳುತ್ತಿದ್ದರು, ನೀರು ಕುಡಿಯುತ್ತಿದ್ದರು. ನಾನು ರಿಜಿಸ್ಟರಿನಲ್ಲಿ ಟಿಕ್ ಹಾಕುತ್ತಿದ್ದೆ. ಮಳೆಗಾಲ ಕಳೆದ ಮೇಲೆ ಒಂದು ದಿನ ತರಗತಿಯ ಹಿಂದೆ ಹೋದೆ. ಕಿಟಕಿಯ ಕೆಳಗೆ ಗೋಡೆ ಉದ್ದಕ್ಕೂ ನೀಲಿ ಬಣ್ಣ ಇಳಿದಿತ್ತು. ಬುಡದಲ್ಲಿ ಅರೆಬರೆ ಕರಗಿದ ಮಾತ್ರೆಗಳು.

ಒಂಬತ್ತನೇ ತರಗತಿಯಲ್ಲಿ ಒಬ್ಬಳು ಬಳಪ ತಿನ್ನುತ್ತಿದ್ದಳು. ನಾನು ಬೈದು ಕೈಯಿಂದ ಕಿತ್ತುಕೊಂಡಿದ್ದೆ. ಬಳಪ, ಮಣ್ಣು, ಹಸಿ ಅಕ್ಕಿ ತಿನ್ನಬೇಕು ಅನ್ನಿಸುವುದು ರಕ್ತಹೀನತೆಯ ಗುರುತಾಗಿರಬಹುದು. ಆ ಪಾಠವನ್ನು ನಾನೇ ಮಾಡಿದ್ದೆ, ಅವಳು ದುಂಡು ಅಕ್ಷರದಲ್ಲಿ ನೋಟ್ಸ್ ಬರೆದುಕೊಂಡಿದ್ದಳು. ಜನವರಿಯಲ್ಲಿ ಮೈದಾನದಲ್ಲಿ ಕುಸಿದು ಬಿದ್ದಳು. 12 ಇರಬೇಕಾದ ಹೀಮೋಗ್ಲೋಬಿನ್ 6.4 ಇತ್ತು. ರಕ್ತ ಹಾಕಿಸಬೇಕಾಯಿತು. ತಿಂಗಳಿಗೆ ಹತ್ತು ದಿನ ಮುಟ್ಟು ಹೋಗುತ್ತಿತ್ತು ಅನ್ನುವುದು ಬಿಸಿಯೂಟ ಮಾಡುವ ಅಕ್ಕನಿಗೆ ಮಾತ್ರ ಗೊತ್ತಿತ್ತು. ಆ ವರ್ಷ ಅವಳು ಮತ್ತೆ ಶಾಲೆಗೆ ಬರಲಿಲ್ಲ.

ಹಾಗಾಗಿ ನನ್ನನ್ನು ಕೇಳಿದರೆ 11ನ್ನೂ ಹಂಚಿಕೊಂಡು ಕೂರಬೇಡಿ. ಪೋಷಣೆ ಮತ್ತು ಬೆಳೆಯುವ ಮೈ, ಇವೆರಡನ್ನು ಹಿಡಿದುಕೊಳ್ಳಿ. ಮೊದಲ ತಿಂಗಳು ಪುಸ್ತಕ ತೆಗೆಯಲೇಬೇಡಿ. ಬೆಳಗ್ಗೆ ಏನು ತಿಂದು ಬಂದಿರಿ ಅಂತ ಕೇಳಿ. ಮಾತ್ರೆ ಕೊಡುವ ಮೊದಲೇ ಹೊಟ್ಟೆ ತೊಳಸಬಹುದು, ಮಲ ಕಪ್ಪಗಾಗುತ್ತದೆ ಅಂತ ಬಾಯಿಬಿಟ್ಟು ಹೇಳಿ. ಹುಡುಗರ ಎದುರಿಗೂ ಹೇಳಿ. ಜ್ವರ ಇರುವ ಮಗುವಿಗೆ ಆ ದಿನ ಕೊಡಬೇಡಿ. ಮುಟ್ಟಿನ ವಿಷಯಕ್ಕೆ ಬಿಸಿಯೂಟದ ಅಕ್ಕಂದಿರನ್ನೂ ಜೊತೆಗೆ ಕೂರಿಸಿಕೊಳ್ಳಿ. ಮಕ್ಕಳು ನಮಗಿಂತ ಜಾಸ್ತಿ ಅವರ ಹತ್ತಿರ ಮಾತಾಡುತ್ತಾರೆ.

ವರದಿ ಕಾಲಂ ಖಾಲಿ ಉಳಿದರೆ ಯಾರಾದರೂ ಕೇಳುತ್ತಾರೆ ಅಂತ ಭಯ ಅಲ್ವಾ? ಕೇಳಲಿ. ಇಂತಿಷ್ಟೇ ಆಗಿದೆ ಅಂತ ಬರೆಯಿರಿ. ನಾನು ಆ ವರ್ಷ ಒಂದು ಕಾಲಂ ಕೂಡ ಖಾಲಿ ಬಿಟ್ಟಿರಲಿಲ್ಲ.