ಅಜ್ಜಿಯ ರಿಪೋರ್ಟಿನಲ್ಲಿರುವ ‘ಸಾರ್ಕೊಪೀನಿಯಾ’

ಅಜ್ಜಿಯ ರಿಪೋರ್ಟಿನಲ್ಲಿ ‘ಸಾರ್ಕೊಪೀನಿಯಾ’ ಅಂತ ಬರೆದಿದ್ದಾರೆ, ಹಾಗಂದ್ರೇನು, ಪದ ಎಲ್ಲಿಂದ ಬಂತು ಅಂತ ಕೇಳಿದ್ದೀರಿ. ಹೆದರಬೇಡಿ, ಅದು ಗಡ್ಡೆ ಗಿಡ್ಡೆ ಏನಲ್ಲ. ವಯಸ್ಸಾಗುತ್ತಾ ಮಾಂಸಖಂಡ ಕರಗಿ ಕೈಕಾಲಿನ ಕಸುವು ಕುಂದುವುದಕ್ಕೆ ಇಟ್ಟ ಹೆಸರು.

ಗ್ರೀಕಿನಲ್ಲಿ ‘ಸಾರ್ಕ್ಸ್’ ಅಂದರೆ ಮಾಂಸ, ‘ಪೀನಿಯಾ’ ಅಂದರೆ ಬಡತನ. ಬೇರು ಹಳೆಯದಾದರೂ ಪದ ಹೊಸದು. 1989ರಲ್ಲಿ ಅಮೆರಿಕದ ಪೌಷ್ಟಿಕಾಂಶ ತಜ್ಞ ಇರ್ವಿನ್ ರೋಸೆನ್‌ಬರ್ಗ್ ಸೂಚಿಸಿದ್ದು. ಒಂದು ಹೆಸರಿದ್ದರೆ ಜನ ಇದನ್ನು ಗಮನಿಸುತ್ತಾರೆ ಅನ್ನೋದು ಅವರ ಲೆಕ್ಕ. ನನಗೂ ಅದು ಸರಿ ಅನಿಸುತ್ತದೆ. ನಮ್ಮ ಕೋಲಾರದ ಕಡೆ ‘ವಯಸ್ಸಾಯ್ತು, ಇನ್ನೇನು’ ಅಂತ ಸುಮ್ನಾಗಿಬಿಡುತ್ತೇವೆ, ಅಲ್ವಾ?

ಕಸುವು ಎಷ್ಟಿದೆ ಅಂತ ನೋಡಲು ಅಜ್ಜಿಗೆ ಕೈ ಎದೆಗೆ ಕಟ್ಟಿಕೊಂಡು ಕುರ್ಚಿಯಿಂದ ಆದಷ್ಟು ಬೇಗ 5 ಸಲ ಎದ್ದು ಕೂರಲು ಹೇಳಿ. ನೀವು ಪಕ್ಕದಲ್ಲೇ ನಿಂತಿರಿ. 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಕಸುವು ಕಮ್ಮಿ ಅಂತ. ಏಷ್ಯಾದವರಿಗಾಗಿ ತಜ್ಞರು 2019ರಲ್ಲಿ ಇಟ್ಟ ಅಳತೆ ಇದು.

ಹೀಗೆ ಎದ್ದು ಕೂರುವುದನ್ನೇ ದಿನಾ ಮಾಡಿಸಿದರೆ ಅದೇ ಒಳ್ಳೆ ವ್ಯಾಯಾಮ. ಮುದ್ದೆ ಜೊತೆ ಬರೀ ತಿಳಿಸಾರು ಬೇಡ. ಹುರುಳಿಕಾಳು, ಅವರೆಕಾಳು, ಮೊಟ್ಟೆ, ಹಾಲು ಇರಲಿ. ಕಿಡ್ನಿ ತೊಂದರೆ ಇದ್ದರೆ ಮಾತ್ರ ಮೊದಲು ಡಾಕ್ಟರನ್ನು ಕೇಳಿ.